ಉಮಳಿಗೆ ಸಿಕ್ಕ ಸೀಟು

ದೇವಲಾಪುರದ ಮಹಿಳಾ ಹಾಲಿನ ಸಂಘಕ್ಕೆ ಸರಸಮ್ಮ ಅಧ್ಯಕ್ಷೆಯಾಗಿ ಒಂಬತ್ತು ವರ್ಷವಾಗಿತ್ತು. ಹಾಲಿಗೆ ನೀರು ಬೆರೆಸಿದ್ದನ್ನು ಮಿಷನ್ನಿಗೆ ಹಾಕುವ ಮೊದಲೇ ಕ್ಯಾನು ಅಲ್ಲಾಡಿಸಿ ಹೇಳುತ್ತಿದ್ದಳು. ಗಂಡ ಮಾಯಣ್ಣನಿಂದ ಹಿಡಿದು ಸಂಘದ ಕಾರ್ಯದರ್ಶಿಯವರೆಗೆ ಅವಳ ಮಾತಿಗೆ ಎದುರಾಡುವವರಿರಲಿಲ್ಲ. ಇಷ್ಟಿದ್ದೂ ಅವಳ ಹೊಟ್ಟೆಯೊಳಗೊಂದು ಕಿಚ್ಚು ಹದಿನೆಂಟು ವರ್ಷದಿಂದ ಆರದೆ ಉಳಿದಿತ್ತು. ಅದಕ್ಕೆ ಕಾರಣ ಉಮ.

ಉಮ ಅವಳ ವಾರಗಿತ್ತಿ, ಮೈದುನ ಸಿದ್ದೇಶನ ಹೆಂಡತಿ. ಪಾಂಡವಪುರದ ಕಡೆಯ ನಾಲೆ ಬಯಲಿನವಳು. "ನಮ್ಮೂರಲ್ಲಿ ನೀರಿಗೆ ಯಾರೂ ಆಕಾಶ ನೋಡಾಕಿಲ್ಲ ಕಣಕ್ಕ" ಎಂದು ಮದುವೆಯಾಗಿ ಬಂದ ವಾರದಲ್ಲೇ ಅಂದಿದ್ದಳು. ರಾಗಿ ಹೊಲದಲ್ಲೇ ಹುಟ್ಟಿ ಬೆಳೆದ ಸರಸಮ್ಮ ಆ ಮಾತನ್ನು ಮರೆಯಲಿಲ್ಲ. ಉಮಳ ಮೈಬಣ್ಣ, ಅವಳ ತವರಿನಿಂದ ಬರುವ ಅಚ್ಚು ಬೆಲ್ಲ, ಅವಳು ಸೀರೆ ಉಟ್ಟರೆ ನೆರಿಗೆ ನಿಲ್ಲುವ ರೀತಿ, ಎಲ್ಲವೂ ಕಣ್ಣಿಗೆ ಚುಚ್ಚುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದವನು ಅವಳ ಅಣ್ಣ ಜಯಕುಮಾರ್. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸರ್ಕಾರಿ ವಿಮಾನ ಕಂಪನಿಯ ಕೌಂಟರಿನಲ್ಲಿ ಅವನಿಗೆ ಕೆಲಸ. ಹಬ್ಬಕ್ಕೆ ಬಂದಾಗ ವಿಮಾನದಲ್ಲಿ ಕೊಡುವ ಪುಟ್ಟ ಪುಟ್ಟ ಸೋಪು ತಂದು ಎಲ್ಲರಿಗೂ ಹಂಚುತ್ತಿದ್ದ. ತನ್ನ ಪಾಲಿನದನ್ನು ಸರಸಮ್ಮ ಎಮ್ಮೆ ತೊಳೆಯಲು ಇಟ್ಟುಕೊಳ್ಳುತ್ತಿದ್ದಳು.

ಒಂದು ವರ್ಷ ಸಂಘಕ್ಕೆ ಒಳ್ಳೆಯ ಹೆಸರು ಬಂದು, ಆರು ಜನ ಹೆಂಗಸರನ್ನು ಗುಜರಾತಿನ ಡೈರಿಗಳನ್ನು ನೋಡಿ ಬರಲು ವಿಮಾನದಲ್ಲಿ ಕಳಿಸುವುದೆಂದಾಯಿತು. ಪಟ್ಟಿಯಲ್ಲಿ ಮೊದಲ ಹೆಸರು ಸರಸಮ್ಮನದು. ಉಮಳ ಹೆಸರು ಇರಲಿಲ್ಲ. ಹೊರಡುವ ಮುಂಚಿನ ಹದಿನೈದು ದಿನ ಸರಸಮ್ಮ ಬಾವಿಕಟ್ಟೆಯ ಬಳಿ ಬೇಕೆಂದೇ ನಿಧಾನವಾಗಿ ನೀರು ಸೇದಿದಳು, ಕೇಳುವವರು ಕೇಳಲಿ ಎಂದು. ಹೊರಡಲು ಮೂರು ದಿನವಿದ್ದಾಗ ಸಿದ್ದೇಶ ಎಲ್ಲೆಲ್ಲೋ ಓಡಾಡಿ ಹೆಂಡತಿಯನ್ನು ಏಳನೆಯವಳಾಗಿ ಸೇರಿಸಿದ. ಟಿಕೆಟ್ಟು ಮಾತ್ರ ಖಾತ್ರಿಯಾಗಿರಲಿಲ್ಲ.

"ಸೀಟು ಸಿಕ್ದೆ ಇದ್ರೆ ಏನ್ ಮಾಡ್ತೀಯ?" ಎಂದು ಸರಸಮ್ಮ ಕೇಳಿದಳು.

"ನಮ್ಮಣ್ಣ ಅವ್ನಲ್ಲಕ್ಕ, ನೋಡ್ಕತಾನೆ" ಎಂದಳು ಉಮ.

ವಿಮಾನ ನಿಲ್ದಾಣಕ್ಕೆ ಬೆಳಿಗ್ಗೆಯೇ ತಲುಪಿದರು. ಮುಂದಾಳು ತಾನೆಂದು ಸರಸಮ್ಮ ಉಳಿದವರನ್ನೆಲ್ಲ ಮುಂದೆ ಬಿಟ್ಟು ಸಾಲಿನ ಕೊನೆಯಲ್ಲಿ ನಿಂತಳು. ಐವರಿಗೆ ವಿಮಾನ ಹತ್ತುವ ಚೀಟಿ ಸಿಕ್ಕಿತು. ಜಯಕುಮಾರ್ ಬಂದು ತಂಗಿಯನ್ನು ಪಕ್ಕಕ್ಕೆ ಕರೆದೊಯ್ದ. ಇಬ್ಬರೂ ಏನೋ ಮಾತಾಡಿಕೊಂಡರು. ಆಮೇಲೆ ಪಕ್ಕದ ಬಾಗಿಲಿನಿಂದ ಬಿಳಿ ಬಟ್ಟೆಯ ಯಾರೋ ದೊಡ್ಡ ಮನುಷ್ಯರು ಹೆಂಡತಿ ಮಕ್ಕಳೊಂದಿಗೆ ಸಾಲಿಗೆ ನಿಲ್ಲದೆ ನೇರ ಒಳಗೆ ಹೋದರು. ಸರಸಮ್ಮನ ಸರದಿ ಬಂದಾಗ ಕೌಂಟರಿನ ಹುಡುಗಿ ತಲೆ ಎತ್ತದೆ, "ವಿಮಾನ ತುಂಬಿದೆ. ಪಕ್ಕಕ್ಕೆ ನಿಂತ್ಕೊಳ್ಳಿ, ಮುಂದಿನದಕ್ಕೆ ಕಳಿಸ್ತೀವಿ" ಎಂದಳು.

"ಪಟ್ಟೀಲಿ ನಂದೇ ಕಣವ್ವ ಮೊದಲ್ನೇ ಹೆಸ್ರು."

"ಪಕ್ಕಕ್ಕೆ ನಿಂತ್ಕೊಳ್ಳಿ ಅಂದೆ."

ಗಾಜಿನಾಚೆ ಉಮ ನಡೆದು ಹೋಗುತ್ತಿದ್ದಳು. ಕೈಯಲ್ಲಿ ಚೀಟಿಯಿತ್ತು. ಒಮ್ಮೆ ತಿರುಗಿ ನೋಡಿ ಮುಖ ತಗ್ಗಿಸಿ ಹೋದಳು. ತನ್ನದಾಗಬೇಕಿದ್ದ ಸೀಟಿನಲ್ಲಿ, ಕಿಟಕಿಯ ಪಕ್ಕ, ಮೋಡ ನೋಡುತ್ತ ಕೂತ ಉಮ ಸರಸಮ್ಮನ ಕಣ್ಣ ಮುಂದೆ ಬಂದಳು.

ಅವಳಂತೆಯೇ ಉಳಿದುಹೋದ ಇನ್ನೊಬ್ಬರು ಕೆ.ಆರ್. ಪೇಟೆ ಕಡೆಯ ಚೌಡಯ್ಯ ಎಂಬ ವಯಸ್ಸಾದ ರೈತ. "ನನ್ ಮಗ ಮಿಲಿಟ್ರೀಲವ್ನೆ ಕಣವ್ವ. ನಾಳೆ ಗುಜರಾತಲ್ಲಿ ಅವ್ನಿಗೆ ಆಪ್ರೇಸನ್ನು. ಒಳಿಕ್ ಓಗೋಕ್ ಮುಂಚೆ ಮೊಕ ತೋರುಸ್ಬೇಕು" ಎಂದರು. ಸಂಜೆ ನಾಲ್ಕರವರೆಗೆ ಇಬ್ಬರೂ ಕುಳಿತರು. ಕೇಳಿದರೆ ಒಬ್ಬ ಇನ್ನೊಬ್ಬನ ಕಡೆ ಕೈ ತೋರಿಸುತ್ತಿದ್ದ. ಕುಡಿಯಲು ನೀರು ಬೇಕೇ ಎಂದು ಕೂಡ ಯಾರೂ ಕೇಳಲಿಲ್ಲ. ಕೊನೆಗೆ ನಾಳೆ ಬನ್ನಿ ಎಂದರು. ನೆಲ ಒರೆಸುತ್ತಿದ್ದ ಮಾರಮ್ಮ ಎಂಬುವಳು ಮೆಲ್ಲಗೆ, "ದಿನಾ ಇದೇ ಕಣಕ್ಕ. ಒಳಗಿನವ್ರ ಕಡೆಯವ್ರು ಬಂದ್ರೆ ನಿಮ್ಮಂಥವ್ರನ್ನ ಇಳಿಸ್ತಾರೆ. ದೂರಿನ ಪುಸ್ತಕ ಅದೆ, ಕೇಳಿ ಇಸ್ಕಳಿ" ಎಂದು ಹೇಳಿಕೊಟ್ಟಳು.

ಸರಸಮ್ಮ ಪಟ್ಟು ಹಿಡಿದು ಪುಸ್ತಕ ಇಸಕೊಂಡಳು. ಚೌಡಯ್ಯ ಪಕ್ಕಕ್ಕೆ ಬಂದು, "ನಂದೂ ಒಂದ್ ಮಾತು ಬರಿಯವ್ವ, ನಂಗೆ ಬರಿಯಾಕ್ ಬರಾಕಿಲ್ಲ" ಎಂದರು. ಬರೀತೀನಿ ಎಂದಳು. ಆದರೆ ಪೆನ್ನು ಹಿಡಿದದ್ದೇ ಹದಿನೆಂಟು ವರ್ಷದ್ದೆಲ್ಲ ಕೈಗೆ ಇಳಿದು ಬಂತು. ಜಯಕುಮಾರನ ಹೆಸರನ್ನು ಮೂರು ಸಲ ಬರೆದಳು. ತಂಗಿಗಾಗಿ ತನ್ನ ಸೀಟು ಕಿತ್ತುಕೊಂಡನೆಂದು ಎರಡು ಪುಟ ತುಂಬಿಸಿ ಸಹಿ ಹಾಕಿದಳು. ಊರಿಗೆ ಮರಳುತ್ತ, ನಾಗಮಂಗಲದ ಬಸ್ಸಿನಲ್ಲಿ ಕುಣಿಗಲ್ ದಾಟಿದ ಮೇಲೆ ಚೌಡಯ್ಯನವರ ನೆನಪಾಯಿತು.

ಮರುದಿನ ಅವಳು ವಿಮಾನಕ್ಕೆ ಹೋಗಲಿಲ್ಲ. ಪ್ರವಾಸ ಮುಗಿಸಿ ಬಂದವರು ವಾರವೆಲ್ಲ ವಿಮಾನದ ಮಾತೇ ಆಡಿದರು. ಉಮ ಒಬ್ಬಳೇ ಆ ವಿಷಯ ಎತ್ತಲಿಲ್ಲ. ಅದನ್ನೂ ಸರಸಮ್ಮ ಜಂಬವೆಂದೇ ತಿಳಿದಳು.

ಎರಡು ತಿಂಗಳಿಗೆ ಪತ್ರ ಬಂತು. ಕಂಪನಿ ವಿಷಾದಿಸುತ್ತದೆ, ಸಂಬಂಧಪಟ್ಟ ನೌಕರನನ್ನು ದೂರದ ಊರಿನ ಸರಕು ವಿಭಾಗಕ್ಕೆ ವರ್ಗ ಮಾಡಲಾಗಿದೆ ಎಂದಿತ್ತು. ಸರಸಮ್ಮ ಅದನ್ನು ನಾಲ್ಕು ಸಲ ಓದಿಸಿ ಕೇಳಿದಳು, ತಾನೇ ಓದಬಲ್ಲವಳಾದರೂ.

ಅಂದು ಸಂಜೆ ಹಾಲು ಹಾಕಿದ ಮೇಲೆ ಉಮ ಹೋಗದೆ ನಿಂತಳು. ಜಗಳಕ್ಕೆ ಸರಸಮ್ಮ ಸಿದ್ಧಳಾದಳು.

"ಒಬ್ರನ್ನ ಬುಟ್ರೆ ನಿಂಗೆ ಸೀಟಾಯ್ತದೆ, ಯಾರನ್ನ ಬುಡ್ಲಿ ಅಂತ ಅಣ್ಣ ಕೇಳ್ದ" ಎಂದಳು ಉಮ. "ನಾನೇ ನಿನ್ನ ಹೆಸ್ರು ಹೇಳ್ದೆ ಕಣಕ್ಕ."

"ಯಾಕೆ?"

"ಬಂದ್ ದಿನದಿಂದ ನೋಡ್ತಾ ಇವ್ನಿ. ಮನೇಲಿ ಕೇಳೋದು ನಿನ್ನ, ಸಂಘದಲ್ಲಿ ಕೇಳೋದು ನಿನ್ನ. ನನ್ ಗಂಡನೂ ಅತ್ತಿಗೇನ ಕೇಳಿ ಬತ್ತೀನಿ ಅಂತಾನೆ. ಒಂದ್ ಸಲ ನಿನಗಿಂತ ಮುಂದೆ ಓಗ್ಬೇಕು ಅನ್ನಿಸ್ತು. ಹೊಟ್ಟೆಕಿಚ್ಚು, ಇನ್ನೇನು."

ಸರಸಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ತಾನು ಯಾರನ್ನು ನೋಡಿ ಬೆಂದಳೋ ಅವಳು ತನ್ನನ್ನು ನೋಡಿ ಬೆಂದಿದ್ದಳು. ಕಂಪನಿಯ ಪತ್ರ ಕೊಡದಿದ್ದ ಸುಖ ಆ ಮಾತಿನಲ್ಲಿ ಸಿಕ್ಕಿತು. ಅದಕ್ಕೆ ನಾಚಿಕೆಯೂ ಆಯಿತು.

"ಅಣ್ಣ ತಪ್ಪು ಮಾಡ್ದ, ಅನುಭವಿಸ್ಲಿ" ಎಂದಳು ಉಮ. "ಆದ್ರೆ ಅವತ್ತು ಬಿಳಿ ಬಟ್ಟೆಯವ್ರಿಗೋಸ್ಕರ ಒಬ್ಬ ಅಜ್ಜನ್ನ ಇಳಿಸಿದ್ರಂತೆ, ಮ್ಯಾಲಿನ ಸಾಹೇಬ್ರು. ಅದನ್ನ ಯಾರೂ ಬರ್ದಿಲ್ಲ. ಅವ್ರು ಈಗ್ಲೂ ಅದೇ ಕುರ್ಚೀಲವ್ರೆ."

ಮುಂದಿನ ವಾರ ಸರಸಮ್ಮ ಕೆ.ಆರ್. ಪೇಟೆಗೆ ಬಸ್ಸು ಹತ್ತಿ, ವಿಚಾರಿಸಿಕೊಂಡು ಚೌಡಯ್ಯನವರ ಮನೆ ಹುಡುಕಿದಳು. ಅವರು ಎರಡು ದಿನ ತಡವಾಗಿ ಆಸ್ಪತ್ರೆ ಮುಟ್ಟಿದ್ದರು. ಮಗ ಉಳಿದಿದ್ದ, ಒಂದು ಕಾಲು ಇರಲಿಲ್ಲ. ಸರಸಮ್ಮ ಕಂಪನಿಯ ಪತ್ರದ ಸುದ್ದಿ ಹೇಳಿದಳು. "ನೀ ಬರ್ದಿದ್ದಕ್ಕೇ ಕಣವ್ವ ಅವ್ನಿಗೆ ಶಿಕ್ಷೆ ಆಗಿದ್ದು" ಎಂದು ಚೌಡಯ್ಯ ಕೈ ಮುಗಿದು ಮಜ್ಜಿಗೆ ಕೊಟ್ಟರು. ಅವಳು ಲೋಟ ಕೆಳಗಿಟ್ಟು, ತಾನು ಅವರ ಒಂದು ಮಾತನ್ನೂ ಬರೆದಿರಲಿಲ್ಲವೆಂದು ಹೇಳಿದಳು. ಚೌಡಯ್ಯ ಒಳಗೆ ಹೋಗಿ ಒಂದು ಹಾಳೆ ತಂದು ಅವಳ ಮುಂದಿಟ್ಟರು. "ಈಗ ಬರಿ" ಎಂದರು.

ಅಲ್ಲೇ ಜಗುಲಿಯಲ್ಲಿ ಕೂತು, ಅವರು ಹೇಳಿದಂತೆ ಬರೆದು, ಹೆಬ್ಬೆಟ್ಟು ಒತ್ತಿಸಿ ಅಂಚೆಗೆ ಹಾಕಿದಳು. ಅದಕ್ಕೆ ಉತ್ತರ ಬರಲಿಲ್ಲ. ತಿಂಗಳಿಗೊಂದರಂತೆ ಅವಳು ಇನ್ನೂ ಬರೆಯುತ್ತಿದ್ದಾಳೆ. ಲಕೋಟೆಯ ಮೇಲೆ ವಿಳಾಸ ಬರೆಯುವವಳು ಉಮ. ಅವಳ ಅಕ್ಷರ ತನ್ನದಕ್ಕಿಂತ ದುಂಡಗಿರುವುದನ್ನು ಸರಸಮ್ಮನಿಗೆ ಇಂದಿಗೂ ಸಹಿಸಲಾಗುವುದಿಲ್ಲ.