ನಿಮ್ಮಪ್ಪನ ಕತ್ತಲೆ ನೋಡಲು ಹೋದದ್ದು

ತೊಂಬತ್ತಾರರ ಬೇಸಿಗೆಯಲ್ಲಿ ಒಂದು ಸೋಮವಾರ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬೆಳಗಿನ ಬಸ್ಸು ಹತ್ತಿದೆ. ನನ್ನ ಮಗಳಿಗೆ, ಅಂದರೆ ನಿಮ್ಮ ಅವ್ವನಿಗೆ, ಗೊತ್ತು ಮಾಡಬೇಕೆಂದಿದ್ದ ಹುಡುಗನ ಮನೆ ನೋಡಿ ಬರುವುದಿತ್ತು. ಜೊತೆಗೆ ನನ್ನ ಅಣ್ಣ ಬಂದ. ಶೇಂಗಾ ವ್ಯಾಪಾರದವನು, ಇಬ್ಬರ ಮಾತನ್ನೂ ಒಬ್ಬನೇ ಆಡಿ ಮುಗಿಸುವವನು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೂ ನಾನು ಅಣ್ಣನ ಮುಖವನ್ನೇ ನೋಡಿದೆ.

ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಗಂಡನ ಮನೆಯಿಂದ ಬಂದ ಹೆಣ್ಣುಮಕ್ಕಳು ಹೇಗಿದ್ದೀ ಎಂದರೆ ಚೆನ್ನಾಗಿದ್ದೀನಿ ಎಂದೇ ಹೇಳುತ್ತಾರೆ. ನಾನೂ ಹಾಗೇ ಹೇಳಿದವಳು. ಎರಡನೇ ಸಲ ಕೇಳುವ ಧೈರ್ಯ ನನಗಿಲ್ಲ. ಮಗಳು ಸುಖವಾಗಿದ್ದಾಳೋ ಇಲ್ಲವೋ ನನಗೆ ತಿಳಿಯುವುದಾದರೂ ಹೇಗೆ?

ಮೊಳಕಾಲ್ಮೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಓಣಿಯುದ್ದಕ್ಕೂ ಮಗ್ಗದ ಸದ್ದು. ಹುಡುಗ ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಮನೆಯೊಳಗೆ ಹೋದರೆ ಗೋಡೆ ತುಂಬ ಅವನು ಬರೆದ ಚಿತ್ರಗಳು, ಎಲ್ಲವೂ ರಾತ್ರಿಯವೇ. ರಾತ್ರಿಯ ಗುಡ್ಡ, ರಾತ್ರಿಯ ಕೆರೆ, ರಾತ್ರಿಯ ಜಾಲಿಮರ.

"ಏನಪ್ಪಾ, ಕರೆಂಟ್ ಹೋದಾಗ ಬರ್ದಿದ್ದಾ ಇವ್ನೆಲ್ಲ?" ಎಂದ ಅಣ್ಣ.

ಹುಡುಗ ನೆಲ ನೋಡಿದ. ಮಂಡಕ್ಕಿ ಒಗ್ಗರಣೆ ತಂದಿಟ್ಟ ಅವನ ತಾಯಿ ನಕ್ಕರು.

"ಅವನು ಮಾತಾಡಲ್ಲ ಅಕ್ಕಾ, ಮನಸ್ಸಿನಾಗಿದ್ದದ್ದು ಗೋಡೆಗೆ ಹಾಕ್ತಾನೆ. ಈ ಮೋಡ ನೋಡ್ರಿ, ನಾನು ಬೈದ ದಿನದ್ದು. ಈ ನಕ್ಷತ್ರ, ಹೊಸ ಸೈಕಲ್ ತಂದಾಗ."

ಮೂಲೆಯಲ್ಲಿ ಒಂದು ಚಿತ್ರ ಪೂರ್ತಿ ಕಪ್ಪಾಗಿತ್ತು.

"ಅವರಪ್ಪ ತೀರಿಹೋದಾಗಿಂದು," ಎಂದರು ಆಕೆ. ಕಣ್ಣಿಟ್ಟು ನೋಡಿದರೆ ಅದರ ಬುಡದಲ್ಲಿ ಸಣ್ಣದೊಂದು ಅಡುಗೆಮನೆ, ಬಾಗಿಲಲ್ಲಿ ಬೆಳಕು. "ಅವತ್ತೂ ಇವನಿಗಂತ ನಾನು ಒಲೆ ಹಚ್ಚಿದ್ದೆ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟೆ.

ಕಿಟಕಿಯ ಹತ್ತಿರದ ಚಿತ್ರದಲ್ಲಿ ಮಾತ್ರ ಜೋಳದ ರೊಟ್ಟಿಯಷ್ಟು ದೊಡ್ಡ ಚಂದ್ರನಿದ್ದ. ಗುಡ್ಡಕ್ಕೆ ಜಾಗವೇ ಉಳಿದಿರಲಿಲ್ಲ.

"ಇದ್ಯಾಕೆ ಇಷ್ಟು ಊದಿಕೊಂಡೈತೆ?" ಎಂದು ಅಣ್ಣ ಬೆರಳಿಟ್ಟ.

"ಒಣಗಿಲ್ರಿ," ಎಂದ ಹುಡುಗ. ಆ ದಿನ ಅವನಾಡಿದ ಮಾತು ಅದೊಂದೇ. ಅಣ್ಣನ ಬೆರಳು ಬೆಳ್ಳಗಾಗಿತ್ತು.

"ನಿಮ್ಮ ಹುಡುಗಿ ಫೋಟೋ ಬಂದಾಗಿಂದ ಹಿಂಗೇ," ಎಂದರು ತಾಯಿ. "ದಿನಾ ಒಂದಿಷ್ಟು ಬೆಳೀತೈತೆ." ಹುಡುಗ ಎದ್ದು ಹಿತ್ತಲಿಗೆ ಹೋಗಿಬಿಟ್ಟ.

ಸಂಜೆಯ ಬಸ್ಸಿನಲ್ಲಿ ಅಣ್ಣ ಬೆರಳು ಉಜ್ಜುತ್ತಲೇ ಶುರು ಮಾಡಿದ. "ಬ್ಯಾಡ ತಂಗೀ. ನೀನೂ ಮೂಕಿ, ಅಳಿಯನೂ ಮೂಕ. ನಾಳೆ ಮಗಳು ಹೆಂಗವಳೆ ಅಂತ ಯಾರನ್ನ ಕೇಳ್ತೀಯಾ?"

"ಕೇಳೋದ್ಯಾಕಣ್ಣ? ಹೋದಾಗ ಅವನ ಗೋಡೆ ನೋಡಿದ್ರೆ ಆತು," ಎಂದೆ.

ಅಣ್ಣನೆದುರು ನಾನು ಎದುರುತ್ತರ ಕೊಟ್ಟದ್ದು ಅದೇ ಮೊದಲು. ಕಂಡಕ್ಟರ್ ಕೂಡ ತಿರುಗಿ ನೋಡಿದ. ತಳಕಿನಲ್ಲಿ ಬಸ್ಸು ನಿಂತಿತು. ಅಣ್ಣ ಇಳಿದು ಮೆಣಸಿನಕಾಯಿ ಬಜ್ಜಿ ತಂದು ನನ್ನ ಮಡಿಲಲ್ಲಿಟ್ಟ.

"ಆಗ್ಲಿ, ಮಾಡಾನ. ಆದ್ರೆ ಲಗ್ನದ ಚಪ್ಪರಕ್ಕೆ ಮಾತ್ರ ಅವನ ಕೈಲಿ ಬಣ್ಣ ಹೊಡೆಸಬ್ಯಾಡ. ರಾತ್ರಿ ಆತು ಅಂತ ಬೀಗರೆಲ್ಲ ಊಟಕ್ಕೆ ಮುಂಚೆ ಮಲಗಿಬಿಡ್ತಾರೆ."