ಗಡಿ ದಾಟಿದ ಟವೆಲ್

ಸಿಂಗಪುರದಿಂದ ಮಲೇಷ್ಯಾದ ಜೋಹೊರ್ ಬಾರುಗೆ ಬಸ್ಸಲ್ಲಿ ಹೋದರೆ ಗಡಿಯಲ್ಲಿ ಎಲ್ಲರೂ ಸಾಮಾನು ಸಮೇತ ಇಳಿಯಬೇಕು. ಪಾಸ್‌ಪೋರ್ಟ್ ತೋರಿಸಿ ಹೊರಬಂದ ಮೇಲೆ ಅದೇ ನಂಬರಿನ ಯಾವ ಬಸ್ಸನ್ನಾದರೂ ಹತ್ತಬಹುದು. ಗದಗಿನಿಂದ ಬಂದಿದ್ದ ನಮ್ಮ ಮಾವನವರಿಗೆ ಇದನ್ನು ಎರಡು ಸಲ ಹೇಳಿದ್ದೆ. ಅವರು ತಲೆಯಾಡಿಸಿ, ಕಿಟಕಿ ಸೀಟಿಗೆ ಟವೆಲ್ ಹಾಕಿಯೇ ಇಳಿದರು.

ನಾವು ಹೊರಬರುವಷ್ಟರಲ್ಲಿ ಆ ಬಸ್ ಹೋಗಿತ್ತು. ಮುಂದಿನ ಬಸ್ಸಿನ ಕಿಟಕಿ ಸೀಟಲ್ಲಿ ಒಬ್ಬ ಚೀನೀ ಆಂಟಿ ಕೂತಿದ್ದರು.

"ಈ ಸೀಟ್ ನಮ್ದೈತಿ. ಟವೆಲ್ ಹಾಕೀನಿ!" ಅಂತ ಮಾವನವರು ಅವರೆದುರು ನಿಂತುಬಿಟ್ಟರು.

ನಾಚಿಕೆಯಿಂದ ನಾನು ಟವೆಲ್ ಪುರಾಣವನ್ನೆಲ್ಲ ಇಂಗ್ಲಿಷಿನಲ್ಲಿ ಎಕ್ಸ್‌ಪ್ಲೇನ್ ಮಾಡಿದೆ. ಆಂಟಿ ನಗಲಿಲ್ಲ. "ಹಾಗಾದ್ರೆ ಆ ಬಸ್ಸಿನ ಸೀಟು ಅಂಕಲ್‌ದೇ. ಇದು ನಂದು ಲಾ," ಅಂತ ಸಿಂಗಪುರದ ರಾಗದಲ್ಲಿ ಅಂದರು. ಹಾಕರ್ ಸೆಂಟರ್ ಅನ್ನುವ ಅಗ್ಗದ ಊಟದಂಗಡಿಗಳ ಸಾಲಿನಲ್ಲಿ ಟಿಶ್ಯೂ ಪ್ಯಾಕೆಟ್ ಇಟ್ಟು ಟೇಬಲ್ ಹಿಡಿಯುವ ಊರಿನವರು, ಅವರಿಗೆ ಕಾನೂನು ಗೊತ್ತು.

ಸಂಜೆ ವಾಪಸ್ ಹೊರಟಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಒಂದು ಕಿಟಕಿ ಸೀಟು ಖಾಲಿಯಿತ್ತು. ಅದರ ಮೇಲೆ ಮಾವನವರ ಟವೆಲ್!

"ಹೇಳಿದ್ದಿಲ್ಲೇನ್ರಿ ನಾ?" ಅಂತ ಅದನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಅವರು ಆರಾಮಾಗಿ ಕೂತರು. ನಾನು ನಿಂತೇ ಬಂದೆ.

ಸಿಂಗಪುರದ ಗಡಿಯಲ್ಲಿ ಮತ್ತೆ ಎಲ್ಲರೂ ಇಳಿದರು. ಹತ್ತು ವರ್ಷದಿಂದ ಇಲ್ಲಿರುವ ನಾನು, ಯಾರೂ ನೋಡದ ಹಾಗೆ ಮಾವನವರ ಪಕ್ಕದ ಸೀಟಿಗೆ ಕರ್ಚೀಫ್ ಹಾಕಿ ಇಳಿದೆ.