ವಾರಿಜಾಳ ಬೆರಳಿಗೆ ದಾರ ತಿಳಿಯದಾದಾಗ

ಬನಶಂಕರಿ ಎರಡನೇ ಹಂತದಲ್ಲಿ, ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ವಾರಿಜಾ ಬ್ಯೂಟಿ ಪಾರ್ಲರ್ ಇಟ್ಟು ಹನ್ನೊಂದು ವರ್ಷವಾಗಿತ್ತು. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಬೆರಳಿಗೆ ಸುತ್ತಿ ಹುಬ್ಬು ತೀಡಲು ನಿಂತಳೆಂದರೆ, ಗಿರಾಕಿಯ ಕಣ್ಣಲ್ಲಿ ನೀರು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

2004ರ ಬೇಸಿಗೆಯಲ್ಲಿ ಬಲಗೈಯೇ ಕೈಕೊಟ್ಟಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯತೊಡಗಿದವು. ರವಿಕೆಯ ಹುಕ್ಕು ಹಾಕಲು ಗಂಡ ಸೀನುವನ್ನು ಕರೆಯಬೇಕು. ಬಿದ್ದ ಪಿನ್ನು ಬೆರಳಿಗೆ ಸಿಕ್ಕಿತೋ ಇಲ್ಲವೋ ಕಣ್ಣಿಂದ ನೋಡಿಯೇ ತಿಳಿಯಬೇಕು. ಮದುವೆಗಳ ಕಾಲ; ಅವಳು ಪಾರ್ಲರಿನಲ್ಲಿ ಬಾಯಿ ಬಿಡಲಿಲ್ಲ.

ಆಗಲೇ ಒಂದು ಶನಿವಾರ ಚೂಡಾಮಣಿ ಬಂದರು. ಜಯನಗರದಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಡಂ. ಮರುದಿನ ತಂಗಿಯ ಮಗಳ ನಿಶ್ಚಿತಾರ್ಥ. ಎಡಹುಬ್ಬು ಚೆನ್ನಾಗಿಯೇ ಬಂತು. ಬಲಹುಬ್ಬಿನಲ್ಲಿ ದಾರ ಎಲ್ಲಿದೆಯೆಂಬುದೇ ಬೆರಳಿಗೆ ತಿಳಿಯಲಿಲ್ಲ. ಸರ್ರನೆ ಜಾರಿ ಕೆಳಸಾಲಿನ ಕೂದಲೆಲ್ಲ ಕಿತ್ತುಬಂದು, ಹುಬ್ಬು ಕಮಾನಿನಂತೆ ಮೇಲೇರಿತು.

ಚೂಡಾಮಣಿ ಕನ್ನಡಿ ನೋಡಿದರು. "ಏನೇ ಇದು? ಬಲಗಡೆಯಿಂದ ನೋಡಿದ್ರೆ ಯಾರ ಮೇಲೋ ಅನುಮಾನ ಪಡೋ ಹಾಗಿದೀನಿ."

"ತಪ್ಪಾಯ್ತು ಮೇಡಂ. ಬೆರಳಿಗೆ ಏನೂ ಗೊತ್ತಾಗ್ತಿಲ್ಲ."

ಅವರು ಬೈಯಲಿಲ್ಲ. "ಬೆರಳು ಕೆಳಗೆ ಮಾಡಿ, ಎರಡೂ ಅಂಗೈಗಳ ಹಿಂಬದಿ ಒಂದಕ್ಕೊಂದು ಒತ್ತಿ ಹಿಡ್ಕೊ. ನನ್ ತಂಗಿಗೂ ಡಾಕ್ಟ್ರು ಹೀಗೇ ಮಾಡ್ಸಿದ್ರು" ಎಂದು ಗಡಿಯಾರ ನೋಡುತ್ತ ನಿಂತರು. ಇಪ್ಪತ್ತು ಸೆಕೆಂಡಿಗೇ ಬೆರಳುಗಳು ಜುಮ್ಮೆಂದವು. "ಸೋಮವಾರ ಡಾಕ್ಟ್ರ ಹತ್ರ ಹೊರಡು. ನಾನೂ ಬರ್ತೀನಿ."

ನಿಶ್ಚಿತಾರ್ಥದಲ್ಲಿ ಗಂಡಿನ ಕಡೆಯವರು ಚೂಡಾಮಣಿಯವರ ಮುಖ ನೋಡಿ, ಯಾರೂ ಕೇಳದಿದ್ದರೂ ಹುಡುಗನ ನಿಜವಾದ ವಯಸ್ಸು ಒಪ್ಪಿಕೊಂಡರಂತೆ.

ಸೋಮವಾರ ಡಾಕ್ಟರು ಹೇಳಿದರು: "ಇದು ಕಾರ್ಪಲ್ ಟನಲ್. ಮಣಿಕಟ್ಟಿನ ಕಿರುದಾರೀಲಿ ನರಕ್ಕೆ ಜಾಗ ಸಾಲ್ತಿಲ್ಲ."

"ಸಿಲ್ಕ್ ಬೋರ್ಡ್ ಟ್ರಾಫಿಕ್ ಜಾಮ್ ಥರಾನಾ ಸಾರ್?"

"ಅದಕ್ಕಿಂತ ಬೇಗ ಸರಿಹೋಗುತ್ತೆ."

ಎರಡು ತಿಂಗಳು ಪಟ್ಟಿ ಕಟ್ಟಿದ್ದು ಸಾಲದೆ, ಕೊನೆಗೆ ಸಣ್ಣ ಆಪರೇಷನ್ನೇ ಆಯಿತು. ಹೊಲಿಗೆ ಬಿಚ್ಚಿದ ಮೇಲೆ ಬೆರಳುಗಳಿಗೆ ನಿಧಾನವಾಗಿ ಅರಿವು ಮರಳಿತು. ಆದರೆ ಗಿರಾಕಿಯ ಮುಖಕ್ಕೆ ಕೈಹಾಕಲು ಅವಳಿಗೇ ಧೈರ್ಯವಿಲ್ಲ. ತೆಂಗಿನಕಾಯಿಯ ನಾರಿನ ಮೇಲೆ ಅಭ್ಯಾಸಕ್ಕಿಳಿದಳು. ಒಂದು ಸಂಜೆ ಸೀನು ಅಡುಗೆಮನೆಗೆ ಬಂದರೆ, ಕಟ್ಟೆಯ ಮೇಲಿಂದ ನಾಲ್ಕು ಕಾಯಿಗಳು ತಿದ್ದಿದ ಹುಬ್ಬುಗಳೊಡನೆ ಅವನನ್ನೇ ನೋಡುತ್ತಿದ್ದವು.

"ಕಾಯಿ ಸಾಕು ಕಣೆ. ನಂದೇ ಮಾಡು" ಎಂದು ಅವನು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ.

ದಾರ ಬಿಗಿಯಾಯಿತು. ಒಂದೊಂದು ಕೂದಲು ಕಿತ್ತು ಬರುವುದೂ ಅವಳ ಬೆರಳಿಗೆ ತಿಳಿಯುತ್ತಿತ್ತು.

"ಅಯ್ಯಪ್ಪಾ, ಹೆಂಗಸರು ದುಡ್ಡು ಕೊಟ್ಟು ಇದನ್ನ ಮಾಡಿಸ್ಕೋತಾರಾ?" ಎಂದು ಸೀನು ನರಳಿದ.

"ಸುಮ್ನೆ ಕೂತ್ಕೊಳ್ರೀ" ಎಂದಳು ವಾರಿಜಾ, ದಾರ ಕಚ್ಚಿಕೊಂಡೇ. "ಇನ್ನೊಂದು ಕಡೆ ಬಾಕಿ ಇದೆ."